ಮೋಟಕಿವಿ ಇನ್ನೂ ಬಂದಿಲ್ಲ

ಅಮಸಿದ್ದ ತಂದ ಬೀಗ ಮೂರು ದಿನದಿಂದ ಬಾಗಿಲ ಪಕ್ಕದ ಗೂಟಕ್ಕೆ ನೇತಾಡುತ್ತಿತ್ತು. ಅಂಗೈ ತುಂಬುವಂಥ ಬೀಗ. ಹೊಲಿಗೆ ಮಷೀನಿನ ಮುಂದೆ ಕೂತ ಮಂಗಲಾ ತಲೆ ಎತ್ತಿದಾಗೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಬಿದ್ದಾಗೆಲ್ಲ ಅವಳ ಕಾಲು ಪೆಡಲನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿತ್ತು.

ಬೀಗ ತಂದದ್ದು ಕಳ್ಳರಿಗಲ್ಲ, ಅವಳ ಅತ್ತೆ ಹಣಮವ್ವನಿಗೆ. ಮುದುಕಿಗೆ ಎಪ್ಪತ್ತಾರು. ವರ್ಷದಿಂದ ಮರೆವು ಹತ್ತಿತ್ತು. ಉಂಡ ಊಟ ಮರೆತು ಮತ್ತೆ ತಾಟು ಹಿಡಿದು ಕೂಡುತ್ತಿದ್ದಳು, ಮೊಮ್ಮಗಳು ನೇತ್ರಾಳನ್ನು ಯಾರ ಮನೆಯ ಹುಡುಗಿಯೋ ಎಂಬಂತೆ ನೋಡುತ್ತಿದ್ದಳು. ಆರು ತಿಂಗಳಿಂದ ಮಾತೂ ನಿಂತು ಹೋಗಿತ್ತು. ಅಷ್ಟಾದರೂ ನಡೆಯುತ್ತಿತ್ತು. ಆದರೆ ಮಿರಜದ ಹತ್ತಿರ, ಕುಪವಾಡದ ಆ ಕಾರ್ಮಿಕರ ಸಾಲುಮನೆಗಳ ಚಾಳಿಗೆ ನಳದ ನೀರು ಬರುವುದು ಸಂಜೆ ಆರಕ್ಕೆ. ಮಂಗಲಾ ಕೊಡ ಹಿಡಿದು ಹೊರಟಳೆಂದರೆ ಮುದುಕಿ ಕೋಲು ಹಿಡಿದು ಇನ್ನೊಂದು ದಿಕ್ಕಿಗೆ ಹೊರಡುತ್ತಿದ್ದಳು. ಮೊನ್ನೆ ಮೂರನೆಯ ಸಲ, ಕಬ್ಬಿಣದ ಲಾರಿಗಳು ಓಡುವ ರಸ್ತೆಯ ನಡುವೆ ಸಿಕ್ಕಿದ್ದಳು.

ಗುರುವಾರ ಮಿರಜದ ದೊಡ್ಡ ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆ. ಮುದುಕಿಗೆ ಏನಾದರೂ ತಿಳಿಯುತ್ತದೆ ಎಂದು ಡಾಕ್ಟರು ಹೇಳಿದರೆ ಬೇರೆ ದಾರಿ ನೋಡುವುದು. ಏನೂ ತಿಳಿಯುವುದಿಲ್ಲ ಎಂದರೆ ಸಂಜೆ ಹೊತ್ತು ಹೊರಗಿನಿಂದ ಹಿಂಬಾಗಿಲಿಗೆ ಚಿಲಕ, ಮುಂಬಾಗಿಲಿಗೆ ಬೀಗ. ಫೌಂಡ್ರಿಯಲ್ಲಿ ಕೆಂಪಗೆ ಕಾದ ಕಬ್ಬಿಣಕ್ಕೂ ಹೆದರದ ಅಮಸಿದ್ದ ತಾಯಿ ಲಾರಿ ಕೆಳಗೆ ಸಿಗುತ್ತಾಳೆಂದು ಹೆದರಿದ್ದ. ಅವನ ಹೆದರಿಕೆಯನ್ನು ಮಂಗಲಾ ಬಲ್ಲಳು. ಆದರೆ ಹದಿನಾಲ್ಕು ಮೈಲಿ ಬಯಲಲ್ಲಿ ಕುರಿ ತಿರುಗಿಸಿದ ಹೆಂಗಸನ್ನು ಹತ್ತಡಿ ಕೋಣೆಯಲ್ಲಿ ಕೂಡಿಹಾಕುವುದು ಅವಳಿಗೆ ಒಪ್ಪಿಗೆಯಿರಲಿಲ್ಲ.

ಡಾಕ್ಟರ್ ಶುಭಾಂಗಿ ಚಿಕ್ಕ ವಯಸ್ಸಿನವರು, ನಗುಮುಖ. ಮರಾಠಿಯಲ್ಲಿ ಅಚ್ಚಾದ ಕಾಗದ ಮುಂದಿಟ್ಟುಕೊಂಡು ಮರಾಠಿಯಲ್ಲೇ ಕೇಳಿದರು. ಇದು ಯಾವ ಋತು? ಹಣಮವ್ವ ಫ್ಯಾನು ನೋಡಿದಳು. ನಾವು ಎಷ್ಟನೇ ಮಹಡಿಯಲ್ಲಿದ್ದೇವೆ? ನೆಲ ನೋಡಿದಳು. ಒಂದು ವಾಕ್ಯ ಬರೆಯಿರಿ ಎಂದು ಪೆನ್ನು ಕೊಟ್ಟರೆ, ಹುಟ್ಟಿದಾಗಿನಿಂದ ಪಾಟಿ ಮುಟ್ಟದ ಆಕೆ ಅದನ್ನು ತಿರುಗಿಸಿ ನೋಡಿ ತನ್ನ ಎಲೆಅಡಿಕೆಯ ಚಂಚಿಯೊಳಗೆ ಹಾಕಿಕೊಂಡಳು. ಒಂದು ನಿಮಿಷದಲ್ಲಿ ನೆನಪಾದಷ್ಟು ಪ್ರಾಣಿಗಳ ಹೆಸರು ಹೇಳಿ ಎಂದರೆ “ಕುತ್ರಾ” ಎಂದು ನಾಯಿಯೊಂದನ್ನು ಹೇಳಿ ಸುಮ್ಮನಾದಳು.

“ಮೂವತ್ತಕ್ಕೆ ನಾಲ್ಕು,” ಎಂದರು ಡಾಕ್ಟರು, ಮೆಲ್ಲಗೆ.

ಅಮಸಿದ್ದ ಹೆಂಡತಿಯತ್ತ ತಿರುಗಿದ. ಆ ಮನೆಯಲ್ಲಿ ಮಾತೆಲ್ಲ ಮರಾಠಿ. ಜಗಳಕ್ಕೆ ಮಾತ್ರ ಕನ್ನಡ, ಅದೂ ಪಿಸುದನಿಯಲ್ಲಿ. “ಕೇಳಿದಿ? ಇನ್ನರ ಬೀಗ ಹಾಕಲಿ?”

“ಹಾಕ್ರಿ. ಮದ್ಲ ನನ್ನ ಬಾಯಿಗೆ ಹಾಕ್ರಿ, ಆಮ್ಯಾಲ ಬಾಗಲಕ್ಕ.”

“ನಿನ್ನ ಬಾಯಿಗೆ ಬೀಗ ಇನ್ನ ಯಾವ ಅಂಗಡ್ಯಾಗೂ ಬಂದಿಲ್ಲ. ನಾಳೆ ಲಾರಿ ಹೊಡದರ ನೀ ಹೊಣಿ ಏನು?”

“ಕಟ್ಟಿ ಹಾಕಾಕ ಆಕಿ ಏನ ಎಮ್ಮೆನ್ರಿ?” ಈ ಸಲ ಮಂಗಲಾಳ ದನಿ ಏರಿತು.

“ಸಣ್ಣ ದನೀಲೆ ಮಾತಾಡ್ರಿ,” ಎಂದಿತು ಮೂರನೆಯ ದನಿ. “ಕುರಿ ಬೆದರತಾವ.”

ಹಣಮವ್ವ ಇಬ್ಬರನ್ನೂ ಗದರಿಸುವ ಕಣ್ಣಿಂದ ನೋಡುತ್ತಿದ್ದಳು. ಆರು ತಿಂಗಳಲ್ಲಿ ಅವಳು ಆಡಿದ ಮೊದಲ ಪೂರಾ ಮಾತು.

ಅದೂ ಕನ್ನಡದಲ್ಲಿ. ಮನೆಯಿಂದ ಕನ್ನಡ ಹೊರಗೆ ಹಾಕಿದವಳು ಮಂಗಲಾಳೇ. ನೇತ್ರಾ ಬಾಲವಾಡಿಗೆ ಹೋಗುತ್ತಿದ್ದಾಗ ಉಳಿದ ಮಕ್ಕಳು ಅವಳ ಮಾತಿಗೆ ನಕ್ಕರು. ಹುಡುಗಿ ಅಳುತ್ತ ಬಂದಳು. ಅಂದೇ ಮಂಗಲಾ ಅಪ್ಪಣೆ ಮಾಡಿದ್ದಳು: ಇನ್ನು ಈ ಮನೆಯಲ್ಲಿ ಮರಾಠಿಯೇ. ಜತ್ತ ಕಡೆಯ ಹಳ್ಳಿ ಬಿಟ್ಟು ಬಂದಿದ್ದ ಹಣಮವ್ವ ಅರವತ್ತರ ಹೊತ್ತಿಗೆ, ಸೊಸೆಯ ಮಾತಿಗೆ ಎದುರಾಡದೆ, ಹೊಸ ಭಾಷೆ ಕಲಿತಿದ್ದಳು. ನಕ್ಕವರ ಬಾಯಿ ಮುಚ್ಚಿಸುವ ಬದಲು ತಮ್ಮ ಬಾಯಿ ಮುಚ್ಚಿಕೊಳ್ಳುವುದು ಬಡವರ ಮನೆಯ ಹಳೆಯ ರೂಢಿ.

“ಡಾಕ್ಟರೇ,” ಎಂದು ಮಂಗಲಾ ಮರಾಠಿಯಲ್ಲಿ ಶುರು ಮಾಡಿದಳು, “ಈ ಪರೀಕ್ಷೆ ಮತ್ತೊಮ್ಮೆ ಮಾಡಿ. ಕನ್ನಡದಲ್ಲಿ.”

“ಕನ್ನಡದ ಕಾಗದ ನಮ್ಮ ಹತ್ತಿರ ಇಲ್ಲ ತಾಯಿ.”

“ಹೊರಗೆ ಬೆಂಚಿನ ಮೇಲೆ ಕೂತವರಲ್ಲಿ ಅರ್ಧ ಜನ ಅಥಣಿ, ರಾಯಬಾಗದವರು. ರೋಗ ಗಡಿ ದಾಟಿ ಬರುತ್ತದೆ, ಗುಳಿಗೆ ದಾಟಿ ಹೋಗುತ್ತದೆ, ಒಂದು ಕಾಗದಕ್ಕೆ ಮಾತ್ರ ಕಾಲಿಲ್ಲವೇನು? ನೀವು ಕೇಳಿ, ನಾನು ಹೇಳುತ್ತೇನೆ.”

ಡಾಕ್ಟರ್ ಶುಭಾಂಗಿ ಗಡಿಯಾರ ನೋಡಿದರು, ಮುದುಕಿಯನ್ನು ನೋಡಿದರು, ಹೊಸ ಕಾಗದ ತೆಗೆದರು. “ನೂರರಲ್ಲಿ ಏಳು ಕಳೆದರೆ ಎಷ್ಟು, ಕೇಳಿ.”

ಮಂಗಲಾ ಅತ್ತೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹದಿನಾರು ವರ್ಷದ ಮೇಲೆ ಹೊರಗಿನವರ ಮುಂದೆ ಬಾಯಿ ಬಿಟ್ಟು ಕನ್ನಡ ಆಡುವುದಕ್ಕೆ ನಾಲಿಗೆ ಒಂದು ಗಳಿಗೆ ತಡವರಿಸಿತು. “ಅತ್ತಿ, ನೂರು ಕುರಿ ಅದಾವ. ಏಳು ಮಾರಿದಿರಿ. ಎಷ್ಟು ಉಳದುವು?”

“ಎಣಸಬಾರದ ಹುಡುಗಿ. ಎಣಿಸಿದರ ಕುರಿ ಕರಗತಾವ. ನಿಮ್ಮವ್ವ ಏನೂ ಕಲಿಸಿಲ್ಲೇನು ನಿನಗ?”

“ಏನಂದರು?” ಎಂದರು ಡಾಕ್ಟರು.

“ನಿಮ್ಮ ಪ್ರಶ್ನೆ ತಪ್ಪು ಅಂದರು.”

ಕುರಿಯವರು ಕುರಿ ಎಣಿಸುವುದಿಲ್ಲ, ಎಂದು ಮಂಗಲಾ ತಿಳಿಸಿ ಹೇಳಿದಳು. ಸಂಜೆ ಕುರಿ ಕೂಡುವ ದಡ್ಡಿಯ ಬಾಗಿಲಲ್ಲಿ ನಿಂತು ಒಂದೊಂದರ ಮುಖ ನೋಡಿ, ಹೆಸರು ಹಿಡಿದು, ಬೆನ್ನು ತಟ್ಟಿ ಒಳಗೆ ಬಿಡುತ್ತಾರೆ. ಬಾರದ್ದು ಯಾವುದು ಎಂದು ಕಣ್ಣಿಗೇ ತಿಳಿಯುತ್ತದೆ.

“ಹಾಗಾದರೆ ಪ್ರಾಣಿಗಳ ಹೆಸರು ಕೇಳಿ,” ಎಂದರು ಡಾಕ್ಟರು.

“ಅತ್ತಿ, ಹೊತ್ತು ಮುಳಗಾಕತ್ತೈತಿ. ಕುರಿ ದಡ್ಡಿಗೆ ಬಂದುವು. ಯಾವ್ಯಾವು ಬಂದುವು ಹೇಳ್ರಿ.”

ಹಣಮವ್ವ ಕಣ್ಣು ಕಿರಿದು ಮಾಡಿದಳು. ಬಲಗೈ ತಾನೇ ಎದ್ದು ಗಾಳಿಯಲ್ಲಿ ಬೆನ್ನು ತಟ್ಟತೊಡಗಿತು. “ಬಿಳಿಮಾರಿ. ಕರಿಗಾಲಿ. ಕೆಂಚಿ, ಆಕಿ ಮರಿ. ಸೊಟ್ಟಕೊಂಬಿನ ಟಗರ. ಚುಕ್ಕಿ. ಜವಳಿ ಎರಡೂ ಬಂದುವು. ಕುಂಟಿ. ಗಿಡ್ಡಿ…” ನಿಮಿಷ ಮುಗಿಯಿತು, ಡಾಕ್ಟರು ಕೈ ಎತ್ತಲಿಲ್ಲ.

“ಹತ್ತೊಂಬತ್ತು,” ಎಂದಳು ಮಂಗಲಾ.

“ಎಲ್ಲ ಕುರಿಯೇ ಅಲ್ಲವೇ? ಕಾಗದದ ನಿಯಮದಲ್ಲಿ ಒಂದೇ ಪ್ರಾಣಿ.”

“ನಿಮ್ಮ ಕಾಗದ ಕುರಿ ಕಾದಿಲ್ಲ.”

ಡಾಕ್ಟರು ನಕ್ಕುಬಿಟ್ಟರು. ಅಷ್ಟರಲ್ಲಿ ಹಣಮವ್ವನ ಕೈ ನಿಂತಿತು. ಮುಖ ಸಣ್ಣದಾಯಿತು. “ಮೋಟಕಿವಿ ಬಂದಿಲ್ಲ,” ಎಂದಳು, ಎದ್ದಳು, ಕೋಲು ಹಿಡಿದು ಬಾಗಿಲಿಗೆ ನಡೆದಳು.

ಅದೇ ನಡಿಗೆ. ದಿನಾ ಸಂಜೆಯ ಅದೇ ಅವಸರ. ಮಂಗಲಾ ಅರ್ಧ ಎದ್ದವಳು ಹಾಗೇ ನಿಂತಳು. ಮೋಟಕಿವಿ ಅವಳಿಗೆ ಗೊತ್ತು. ಕಿವಿ ಮೋಟಾದ ಆ ಕುರಿ ಯಾವಾಗಲೂ ಹಿಂದೆ ಉಳಿಯುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ದಿನಾ ಅದನ್ನು ಜಾಲಿಯ ಮರೆಯಿಂದ ಎಳೆದು ತರುವುದು ಹೊಸ ಸೊಸೆಯ ಕೆಲಸ. ಮುದುಕಿ ದಾರಿ ತಪ್ಪಿ ಹೋಗುತ್ತಿರಲಿಲ್ಲ. ತಪ್ಪಿದ್ದನ್ನು ಹುಡುಕಿ ಹೋಗುತ್ತಿದ್ದಳು.

“ಅತ್ತಿ!” ಎಂದಳು. “ಮೋಟಕಿವಿ ಬಂತ್ರಿ. ಜಾಲಿ ಬುಡಕ ನಿಂತಿತ್ತು, ನಾನ ಹಿಡದ ತಂದೇನಿ.”

ಹಣಮವ್ವ ತಿರುಗಿದಳು. “ತಂದಿ? ಶಾಣ್ಯಾಕಿ.” ಮರಳಿ ಬಂದು ಕುರ್ಚಿಯಲ್ಲಿ ಕೂತು ಉಸಿರು ಬಿಟ್ಟಳು. “ಹಂಗಾರ ಬಾಗಲಾ ಹಾಕು.”

ಅಮಸಿದ್ದ ಗೋಡೆಯತ್ತ ಮುಖ ಮಾಡಿ ಮೂಗು ಒರೆಸಿಕೊಂಡ.

ಡಾಕ್ಟರು ಮೊದಲೇ ತೆಗೆಸಿದ್ದ ಮಿದುಳಿನ ಚಿತ್ರ ಬೆಳಕಿಗೆ ಹಿಡಿದು ತಿಳಿಸಿ ಹೇಳಿದರು. ಕಿವಿಯ ಒಳಬದಿಗೆ ಇರುವ ಒಂದು ಚಿಕ್ಕ ಭಾಗ ಇವತ್ತಿನದನ್ನು ಬರೆದಿಡುತ್ತದೆ. ಅದು ಸೊರಗಿದೆ, ಅದಕ್ಕೇ ಬೆಳಗಿನ ಊಟ ಸಂಜೆಗೆ ಇಲ್ಲ. ಹಳೆಯದು ಮಿದುಳಿನ ತುಂಬ ಹರಡಿ ಬೇರು ಬಿಟ್ಟಿದೆ, ಅದು ಬಹಳ ಕಾಲ ನಿಲ್ಲುತ್ತದೆ. ಎಲ್ಲರಲ್ಲೂ ಹೀಗೇ ಎಂದಲ್ಲ, ಆದರೆ ಎಷ್ಟೋ ಜನರಿಗೆ ತಡವಾಗಿ ಕಲಿತ ಭಾಷೆ ಮೊದಲು ಸಡಿಲಾಗುತ್ತದೆ. ಮಂಗಲಾ ತಲೆಯಾಡಿಸಿದಳು. ಹೊಲಿಗೆಯವಳಿಗೆ ಅದು ಹೊಸದಲ್ಲ. ಕೊನೆಗೆ ಹಾಕಿದ ಟಾಕು ಮೊದಲು ಬಿಚ್ಚುತ್ತದೆ.

“ಅಂಕ ಹತ್ತು ದಾಟುವುದಿಲ್ಲ,” ಎಂದರು ಡಾಕ್ಟರು. “ರೋಗ ಇದ್ದೇ ಇದೆ, ಮುಂದೆ ಹೆಚ್ಚಾಗುತ್ತದೆ. ಆದರೆ ಏನೂ ತಿಳಿಯುವುದಿಲ್ಲ ಎಂದು ನಾನು ಬರೆಯುವುದಿಲ್ಲ. ಬರೆಯಬೇಕೆಂದರೂ ನನ್ನ ಪೆನ್ನು ಎಲ್ಲಿ?”

ಚಂಚಿಯಿಂದ ಪೆನ್ನು ಬಿಡಿಸಿಕೊಳ್ಳುವುದಕ್ಕೆ ಇಡೀ ಐದು ನಿಮಿಷ ಹಿಡಿಯಿತು.

ಈಗ ಕುಪವಾಡದ ಆ ಚಾಳಿನಲ್ಲಿ ನಳ ಬರುವ ಮೊದಲು ಹಣಮವ್ವನ ಕುರ್ಚಿ ಹೊಸ್ತಿಲಿಗೆ ಬರುತ್ತದೆ. ಮಂಗಲಾ ಬಿಳಿಮಾರಿಯಿಂದ ಮೋಟಕಿವಿಯವರೆಗೆ ಕೂಗುತ್ತಾಳೆ, ಮುದುಕಿ ಒಳಗೆ ಬಿಡುತ್ತಾಳೆ. ವಿಶ್ರಾಮಬಾಗದ ಕಾಲೇಜಿನಿಂದ ಬಂದ ನೇತ್ರಾ “ಅಜ್ಜಿ, ನಾ ಬಂದೆ ಇದೀನಿ” ಎಂದು ತನ್ನ ಮುರುಕು ಕನ್ನಡದಲ್ಲಿ ಹೇಳಿದರೆ, “ಈ ಕುರಿ ಎಲ್ಲೀದು, ಒದರೂದ ಬ್ಯಾರೆ ಐತಿ” ಎಂದು ಮುದುಕಿ ಬೆನ್ನು ತಟ್ಟುತ್ತಾಳೆ. ನೀರಿಗೆ ಬಂದ ಪಕ್ಕದ ಮನೆಯವರಿಗೂ ಬಿಡುಗಡೆಯಿಲ್ಲ. ತಟ್ಟಿಸಿಕೊಳ್ಳದೆ ಯಾರೂ ಕೊಡ ಹೊತ್ತು ಮುಂದೆ ಹೋಗುವ ಹಾಗಿಲ್ಲ. ಅಮಸಿದ್ದನ ಬೀಗ ನೇತ್ರಾಳ ಸೈಕಲ್ಲಿಗೆ ಬಿದ್ದಿದೆ, ಸೈಕಲ್ಲಿಗಿಂತ ಬೀಗವೇ ಭಾರ.

ಮೊನ್ನೆ ಅಮಸಿದ್ದ ಹತ್ತು ನಿಮಿಷ ತಡ ಮಾಡಿ ಬಂದ. ಮುದುಕಿ ಕೋಲು ಅಡ್ಡ ಹಿಡಿದಳು. “ಎಲ್ಲಿ ಮೇಯಾಕ ಹೋಗಿದ್ದಿ?”

“ಶಿಫ್ಟ್ ಬಿಡೂದು ತಡಾ ಆತ ಯವ್ವಾ. ಬಂದೇನಿ ನೋಡು,” ಎಂದು ಐವತ್ತರ ಗಂಡಸು ಬೆನ್ನು ಬಗ್ಗಿಸಿದ. ಎರಡು ಏಟು ಜಾಸ್ತಿಯೇ ಬಿದ್ದವು.

“ಎಲ್ಲಾ ಬಂದುವ್ರಿ ಅತ್ತಿ,” ಎಂದಳು ಮಂಗಲಾ ಒಳಗಿನಿಂದ. “ಬಾಗಲಾ ಹಾಕಲ್ರಿ?”

“ಒಬ್ಬಾಕಿ ಬರಬೇಕು,” ಎಂದಳು ಹಣಮವ್ವ ಬೀದಿಯ ಕಡೆ ನೋಡುತ್ತ. “ನನ್ನ ಹೊಸ ಸೊಸಿ. ಮೋಟಕಿವಿ ಹುಡಕಾಕ ಹೋಗ್ಯಾಳ.”

ನೇತ್ರಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಮಂಗಲಾ ರೊಟ್ಟಿಯ ಹಿಟ್ಟಿನ ಕೈಯಲ್ಲೇ ಹಿಂಬಾಗಿಲಿನಿಂದ ಇಳಿದು, ಚಾಳು ಸುತ್ತಿ, ನಳ ದಾಟಿ, ಮುಂಬಾಗಿಲಿಗೆ ಬಂದು ನಿಂತಳು.

“ಬಂದೇನ್ರಿ ಅತ್ತಿ,” ಎಂದಳು, ಇಡೀ ಚಾಳಿಗೆ ಕೇಳುವಂತೆ.

ಹಣಮವ್ವ ಅವಳ ಬೆನ್ನು ತಟ್ಟಿ ಒಳಗೆ ಬಿಟ್ಟಳು, ಎದ್ದಳು, ತನ್ನ ಕೈಯಾರೆ ಬಾಗಿಲು ಹಾಕಿದಳು.