ತಗಡಿನ ಶೆಡ್ಡಿನ ಸಾವುಕಾರ

"ಐತವಾರ ಆದಪ್ಪ ಬರತಾನ. ಆ ನಾಲ್ಕೂ ಗೊಡ್ಡು ಹಿಡಿದು ಅವನ ಕೈಯಾಗ ಕೊಟ್ಟುಬಿಡು," ಎಂದು ಅಮರಮ್ಮ ರೊಟ್ಟಿ ಬಡಿಯುತ್ತಲೇ ತೀರ್ಪು ಕೊಟ್ಟಳು.

ಒಲೆಗೆ ಕಟ್ಟಿಗೆ ನೂಕುತ್ತಿದ್ದ ಸೊಸೆ ಸುರೇಖಾ ಹಾಗೇ ಕೈ ತಡೆದಳು. ಗೊಡ್ಡು ಅಂದದ್ದು ಹಿತ್ತಲಿನ ನಾಲ್ಕು ಹೆಣ್ಣು ಮೊಲಗಳಿಗೆ. ಆದರೆ ಮಾತಾಡುವಾಗ ಅತ್ತೆಯ ಕಣ್ಣು ಹಿತ್ತಲ ಕಡೆಗಿರಲಿಲ್ಲ, ಸೊಸೆಯ ಹೊಟ್ಟೆಯ ಮೇಲಿತ್ತು. ಮದುವೆಯಾಗಿ ಆರು ವರ್ಷವಾಗಿತ್ತು, ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. ಅಮರಮ್ಮ ಕಟ್ಟಿಸಿದ ತಾಯತಗಳಿಗೆ ಸುರೇಖಾಳ ತೋಳಿನಲ್ಲಿ ಜಾಗ ಸಾಲದಾಗಿತ್ತು. ಈಚೆಗೆ ಮಗನ ಎರಡನೇ ಲಗ್ನಕ್ಕೆ ಬಳಗಾನೂರಿನಲ್ಲಿ ಒಂದು ಹುಡುಗಿ ಇದ್ದಾಳೆ ಅನ್ನೋ ಮಾತು ಬೇರೆ ಮನೆಯೊಳಗೆ ಸುಳಿದಾಡುತ್ತಿತ್ತು. ಇವತ್ತು ಮೊಲಗಳು ಗೊಡ್ಡೆಂದು ಹೋದರೆ ನಾಳೆ ತನ್ನ ಸರದಿ ಎಂಬುದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೊಲ ಸಾಕುವ ಹುಚ್ಚು ಅವಳದೇ. ಎರಡು ಕುರಿ ಕಟ್ಟುವಷ್ಟೂ ಜಾಗವಿಲ್ಲದ ಹಿತ್ತಲು, ಅದರ ಹಿಂದೆ ಮಸ್ಕಿಯ ಗುಡ್ಡದ ಬಂಡೆ. ಅಲ್ಲಿ ಇನ್ನೇನು ಸಾಕಲಾದೀತು? ಮೊಲವಾದರೆ ಮೂಲೆಯಲ್ಲೇ ಹುಲ್ಲು ತಿಂದುಕೊಂಡು ಬೆಳೆಯುತ್ತದೆ. ಹೋದ ಚಳಿಗಾಲದಲ್ಲಿ ಒಂದು ಜೋಡಿ ತಂದಳು, ಒಂದೇ ಸೂಲಿಗೆ ಎಂಟು ಮರಿಯಾದವು. ಬೆಳೆಸಿ, ತಾನೇ ಕೊಯ್ದು, ತಾನೇ ಸುಲಿದು ಸಿಂಧನೂರಿನಲ್ಲಿ ಖಾನಾವಳಿ ನಡೆಸುವ ಆದಪ್ಪನಿಗೆ ಕೊಟ್ಟಳು. ಮೊಲದ ಕಣ್ಣು ನೋಡಿ ಅಳುವ ಪೈಕಿ ಅಲ್ಲ ಅವಳು. ಆಮೇಲೆ ತಾಯಿ ಮೊಲವನ್ನು ಬೀದಿನಾಯಿ ಎತ್ತಿಕೊಂಡು ಹೋಯಿತು. ಸುರೇಖಾ ಎದೆಗುಂದದೆ ಲಿಂಗಸುಗೂರಿನಿಂದ ನಾಲ್ಕು ಎಳೆಯ ಹೆಣ್ಣು ತಂದಳು.

ನಾಯಿಯ ಕಾಟ ಶುರುವಾದ ಮೇಲೆ ಗಂಡು ಮೊಲಕ್ಕೆ ಬಂದ ಮರ್ಯಾದೆ ನೋಡಬೇಕಿತ್ತು! "ಗಂಡು ಜೀವ, ಹಿತ್ತಲದಾಗ ಹೆಣ್ಣುಗಳ ಜೋಡಿ ತಿಪ್ಪಿ ಬದಿಗೆ ಯಾಕ ಬಿದ್ದಿರಬೇಕು?" ಎಂದು ಅಮರಮ್ಮ ಹಟ ಹಿಡಿದಳು. ಮಗ ಹುಲಿಗೇಶ ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುವವನು, ತಿಂಗಳ ಪಗಾರದವನು. ಅಲ್ಲಿಂದ ಹಳೆ ತಗಡು ತಂದು ಅಂಗಳದಲ್ಲಿ, ಬಂದವರ ಕಣ್ಣಿಗೆ ಬೀಳುವಂತೆ ಶೆಡ್ಡು ಹಾಕಿದ. ಮೇಲೂ ತಗಡು, ಮೂರು ಕಡೆಯೂ ತಗಡು. ಅದರೊಳಗೆ ಬಿಳಿ ಗಂಡು ಮೊಲ ನೆನೆಸಿದ ಕಡಲೆ ತಿನ್ನುತ್ತ ಕೂತಿತು. ಅಮರಮ್ಮ ಅದಕ್ಕೆ ಸಾವುಕಾರ ಎಂದು ಹೆಸರಿಟ್ಟಳು. ಹೆಣ್ಣುಗಳಿಗೆ ಹೆಸರೂ ಇಲ್ಲ, ಕಡಲೆಯೂ ಇಲ್ಲ. ಸುರೇಖಾ ಅವಕ್ಕೆ ಹಿತ್ತಲ ಬೇವಿನ ಬುಡದಲ್ಲಿ ನೀರು ತುಂಬುವ ಹಳೆ ಮಣ್ಣಿನ ಹರವಿಗಳನ್ನು ಅಡ್ಡ ಮಲಗಿಸಿ ಅರ್ಧ ಹೂತಳು, ಮೇಲೆ ಗೋಣಿತಟ್ಟು ಹಾಸಿ ನೀರು ಚಿಮುಕಿಸಿದಳು, ಸುತ್ತ ಜಾಲರಿ ಬಿಗಿದಳು.

ಮೊಲದ ರೀತಿ ಒಂದಿದೆ. ಹೆಣ್ಣನ್ನೇ ಗಂಡಿನ ಗೂಡಿಗೆ ಒಯ್ಯಬೇಕು, ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ ಕಚ್ಚಾಡುತ್ತವೆ. ಯುಗಾದಿಯ ನಂತರ ಸುರೇಖಾ ನಾಲ್ಕನ್ನೂ ಸರದಿಯಂತೆ ಸಾವುಕಾರನ ಬಳಿ ಒಯ್ದಳು, ಮತ್ತೆ ಒಯ್ದಳು. ಒಂದೂ ಈಯಲಿಲ್ಲ. ಸಾವುಕಾರ ಎಂಟು ಮರಿಯ ಅಪ್ಪ, ಅವನನ್ನು ಅನ್ನುವವರು ಯಾರು?

ಅತ್ತೆ ತೀರ್ಪು ಕೊಟ್ಟ ಮರುದಿನ ಸುರೇಖಾ ಬಳಗಾನೂರಿನ ಬಸ್ಸು ಹತ್ತಿದಳು. ಅಲ್ಲಿ ಕಾಲುವೆಯ ಮಗ್ಗುಲಲ್ಲಿ ತಿಮ್ಮವ್ವ ಎಂಬ ಮುದುಕಿ ಬಹಳ ದಿನದಿಂದ ಮೊಲ ಸಾಕಿಕೊಂಡಿದ್ದಳು. ತಿಮ್ಮವ್ವ ಎಲೆಯಡಿಕೆ ಮೆಲ್ಲುತ್ತ ಎಲ್ಲಾ ಕೇಳಿದಳು.

"ಹೆಣ್ಣು ಎಲ್ಲಿಟ್ಟೀ ಅಂತ ಹೇಳಿದಿ. ಗಂಡು ಎಲ್ಲಿಟ್ಟೀ?"

"ತಗಡಿನ ಶೆಡ್ಡಿನಾಗ."

ತಿಮ್ಮವ್ವ ಉಗುಳಿ ಬಂದು ಕೂತಳು. "ಈ ಬಿಸಲಾಗ? ತಂಗಿ, ಹೆಣ್ಣಿಗೆ ಏನೂ ಆಗಿಲ್ಲ. ಸೆಕಿ ಬಡದ್ರ ಮದಲು ಕೆಡೋದು ಗಂಡಿನ ಬೀಜ. ಒಮ್ಮೆ ನಾನೂ ಹಿಂಗs ಮಾಡಿ ಬ್ಯಾಸಗಿ ಪೂರ್ತಿ ಖಾಲಿ ಕುಂತಿದ್ದೆ. ಮ್ಯಾಲ ನೋಡಾಕ ಗಂಡು ಗಟ್ಟಿನೇ ಇರತಾನ, ಒಳಗ ಏನೂ ಇರೂದಿಲ್ಲ."

ಸುರೇಖಾಗೆ ಡಾಕ್ಟರಮ್ಮನ ಮಾತು ನೆನಪಾಯಿತು. ಲಿಂಗಸುಗೂರಿನ ದವಾಖಾನೆಯಲ್ಲಿ ಡಾಕ್ಟರಮ್ಮ ಅವಳನ್ನು ತಪಾಸಣೆ ಮಾಡಿ, ನಿನ್ನಲ್ಲಿ ದೋಷ ಕಾಣುವುದಿಲ್ಲ, ಗಂಡನನ್ನೂ ಕರೆದುಕೊಂಡು ಬಾ ಅಂದಿದ್ದಳು. ಹುಲಿಗೇಶ, "ನನಗೇನಾಗೇತಿ?" ಎಂದು ಮುಖ ತಿರುಗಿಸಿದ್ದ. ಆ ಸಿಟ್ಟು ಅವಳ ಹೊಟ್ಟೆಯಲ್ಲಿ ಇನ್ನೂ ಇತ್ತು. ಅದನ್ನು ನುಂಗಿಕೊಂಡು, ತಿಮ್ಮವ್ವನ ಗಂಡು ಮೊಲವನ್ನು ಒಂದು ತಿಂಗಳ ಮಟ್ಟಿಗೆ ಕೇಳಿ ಇಸಿದುಕೊಂಡಳು. ಬೂದಿ ಬಣ್ಣದ, ಒಂದು ಕಿವಿ ಹರಿದ, ಬಡಕಲು ಮೊಲ. ಒದ್ದೆ ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಳು.

"ಇದಾ?" ಎಂದಳು ಅಮರಮ್ಮ. "ನಮ್ಮ ಸಾವುಕಾರನ ಮುಂದ ಇದು ಇಲಿ ಕಂಡಂಗ ಕಾಣತದ."

ಐತವಾರ ಆದಪ್ಪ ಮೋಟರ್ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಬಂದ. ಸುರೇಖಾ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತು ಕೊಡೂದಿಲ್ಲಣ್ಣ. ಈ ಅಮಾಸಿ ಬಿಟ್ಟು ಮುಂದಿನ ಅಮಾಸಿ ದಾಟಿದ ಮ್ಯಾಲ ಬಾ."

"ಯಕ್ಕಾ, ಗಿರಾಕಿ ಕೇಳಾಕತ್ತಾರ. ಗೊಡ್ಡು ಇಟ್ಟುಕೊಂಡು ನೀ ಏನು ಮಾಡ್ತಿ?"

ಅಮರಮ್ಮ ಬೈಯಲು ಬಾಯಿ ತೆರೆದಳು. ಸುರೇಖಾ ಅವಳ ಕಡೆ ತಿರುಗಿ ಮುಖ ಕೊಟ್ಟು ಮಾತಾಡಿದಳು. ಇಷ್ಟು ವರ್ಷದಲ್ಲಿ ಹಾಗೆ ಮಾತಾಡಿದ್ದು ಅದೇ ಮೊದಲು. "ಅತ್ತಿ, ಮೊಲ ಈಯಾಕ ಒಂದು ತಿಂಗಳು ಬೇಕು, ಆ ಅಮಾಸಿ ತನಕ ಟೈಮ್ ಕೊಡ್ರಿ. ಒಂದೂ ಈಯಲಿಲ್ಲ ಅಂದ್ರ ನಾಲ್ಕನ್ನೂ ನಾನs ಕೊಯ್ದು ಕೊಡತೀನಿ. ಆಮ್ಯಾಲ ಬಳಗಾನೂರಿನ ಹುಡುಗಿ ಮಾತು ನೀವು ನನ್ನ ಮುಂದs ಆಡ್ರಿ, ನಾ ಅಡ್ಡ ಬರೂದಿಲ್ಲ."

ಹುಲಿಗೇಶ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ನೆಲ ನೋಡಿದ. ಅಮರಮ್ಮ ಆದಪ್ಪನಿಗೆ ಹೋಗೆಂದು ಕೈಯಾಡಿಸಿದಳು. ಆದಪ್ಪ ಬರಿ ಬುಟ್ಟಿ ಕಟ್ಟಿಕೊಂಡು ವಾಪಸು ಹೋದ.

ಆ ತಿಂಗಳ ಬಿಸಿಲು ಬೈದರೂ ಬಗ್ಗುವಂಥದ್ದಲ್ಲ. ಗುಡ್ಡದ ಬಂಡೆ ಹಗಲೆಲ್ಲ ಕಾದು ಸಂಜೆಯೆಲ್ಲ ಹಿತ್ತಲಿಗೆ ಕಾವು ಉಗುಳುತ್ತಿತ್ತು. ನಳದಲ್ಲಿ ನೀರು ಬಂದರೆ ಬಂತು, ಇಲ್ಲವಾದರೆ ಇಲ್ಲ. ಸುರೇಖಾ ಹರಿದ ಕಿವಿಯ ಗಂಡಿಗೂ ನೆರಳಲ್ಲೇ ಹರವಿ ಹೂತಳು. ಬೆಳಗಿನ ತಂಪಿನಲ್ಲಿ ಹೆಣ್ಣುಗಳನ್ನು ಅದರ ಬಳಿ ಒಯ್ದಳು. ಪಾತ್ರೆ ತೊಳೆದ ನೀರು, ಅಕ್ಕಿ ತೊಳೆದ ನೀರು, ತಾನು ಮೈ ತೊಳೆದ ನೀರು ಎಲ್ಲಾ ಗೋಣಿತಟ್ಟಿಗೇ ಹೋಯಿತು. "ನೀ ಮೊಲಕ್ಕ ಬಾಣಂತನ ಮಾಡಾಕತ್ತೀಯೋ ಏನು," ಎಂದು ಪಕ್ಕದ ಮನೆಯ ಹೊನ್ನೂರಮ್ಮ ಗೋಡೆಯಾಚೆಯಿಂದ ನಗೆಯಾಡಿದಳು. ಸುರೇಖಾ ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದು ಮಧ್ಯಾಹ್ನ ಅವಳು ರೇಷನ್ನಿಗೆ ನಿಂತು ತಡವಾಗಿ ಬಂದಾಗ ಗೋಣಿತಟ್ಟು ಒಣಗಿ ಗರಗರ ಎನ್ನುತ್ತಿತ್ತು, ಒಂದು ಹೆಣ್ಣು ಕಾಲು ಚಾಚಿ ಸತ್ತಿತ್ತು. ಅವಳಿಗೆ ದುಃಖ ಒತ್ತರಿಸಿ ಬಂತು. ಆದರೂ ಕಣ್ಣೊರೆಸಿಕೊಂಡು ಉಳಿದ ಮೂರರ ಗೋಣಿತಟ್ಟಿಗೆ ನೀರು ಹಾಕಿದಳು.

ಅಮಾವಾಸ್ಯೆಗೆ ಎರಡು ದಿನ ಇರುವಾಗ ಬೆಳಿಗ್ಗೆ ಅಮರಮ್ಮನೇ ಹಿತ್ತಲಿನಿಂದ ಕರೆದಳು. "ಲೇ ಸುರೇಖಾ, ಇಲ್ಲಿ ಬಾ. ಇದಕ್ಕ ಹುಚ್ಚು ಹಿಡದೈತಿ ನೋಡು."

ಒಂದು ಹೆಣ್ಣು ತನ್ನ ಎದೆಯ ತುಪ್ಪಳವನ್ನು ತಾನೇ ಬಾಯಿಂದ ಕಿತ್ತು ಕಿತ್ತು ಹರವಿಯೊಳಗೆ ಹಾಸುತ್ತಿತ್ತು. ಎದೆ ಬೋಳಾಗಿ ಕೆಂಪಗೆ ಕಾಣುತ್ತಿತ್ತು.

"ಹುಚ್ಚಲ್ಲತ್ತಿ," ಎಂದಳು ಸುರೇಖಾ, ಧ್ವನಿ ಎತ್ತದೆ. "ಮರಿಗೆ ಹಾಸಿಗಿ ಮಾಡಾಕತ್ತೈತಿ."

ಅಮರಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅಲ್ಲೇ ಕೂತಳು. ಸಂಜೆಯ ಹೊತ್ತಿಗೆ ಆ ಹೆಣ್ಣು ಈದಿತ್ತು. ಮರುದಿನ ಇನ್ನೆರಡೂ ಈದವು. ಕಣ್ಣು ಬಿಡದ, ಕೂದಲಿಲ್ಲದ ಮರಿಗಳು ತಾಯಂದಿರ ತುಪ್ಪಳದೊಳಗೆ ಮಿಸುಕಾಡುತ್ತಿದ್ದವು. ಅಮರಮ್ಮ ಗೊಡ್ಡು ಅನ್ನುವ ಮಾತನ್ನು ಎರಡು ದಿನದಿಂದ ಬಾಯಿಗೆ ತಂದಿರಲಿಲ್ಲ.

ಹುಲಿಗೇಶ ಮಿಲ್ಲಿನಿಂದ ಬಂದಾಗ ಸುರೇಖಾ ಸಾವುಕಾರನನ್ನು ಶೆಡ್ಡಿನಿಂದ ಹೊರಗೆ ತೆಗೆಯುತ್ತಿದ್ದಳು. ಅಂಗಳದ ಮೂಲೆಯ ನೆರಳಲ್ಲಿ ಹೊಸ ಹರವಿ ಹೂತಿದ್ದಳು. ಅವನು ಹಿತ್ತಲಿಗೆ ಹೋಗಿ ಮರಿಗಳನ್ನು ನೋಡಿ ಬಂದ.

"ಇವನಿಗೆ ಇನ್ನ ಮರಿ ಆಗೂದಿಲ್ಲೇನು?" ಎಂದು ಸಾವುಕಾರನನ್ನು ತೋರಿಸಿ ಕೇಳಿದ.

"ಆಗಬಹುದು. ಎರಡು ತಿಂಗಳು ನೆಳ್ಳಾಗ ತಣ್ಣಗ ಇಡಬೇಕು ಅಂದಾಳ ತಿಮ್ಮವ್ವ. ಮದಲು ದೋಷ ಎಲ್ಲೈತಿ ಅಂತ ನೋಡಬೇಕಲ್ಲ. ನೋಡದs ಹೆಣ್ಣನ್ನ ಕೊಯ್ಯಾಕ ಹೊಂಟಿದ್ವಿ."

ಹುಲಿಗೇಶ ಶೆಡ್ಡಿನ ತಗಡಿನ ಮೇಲೆ ಅಂಗೈ ಇಟ್ಟ. ಹೊತ್ತು ಮುಳುಗಲು ಬಂದಿದ್ದರೂ ಅದು ಸುಡುತ್ತಿತ್ತು, ಕೈ ಹಿಂದಕ್ಕೆ ಎಳೆದುಕೊಂಡ. ಆ ಅಂಗೈಯನ್ನೇ ನೋಡುತ್ತ ಅಂದ:

"ನಾ ಎಂಟು ವರ್ಷದಿಂದ ಬಾಯ್ಲರ್ ಮುಂದ ನಿಂತೀನಿ."

ಸುರೇಖಾ ಸಾವುಕಾರನನ್ನು ಹರವಿಯೊಳಗೆ ಬಿಟ್ಟು ಗೋಣಿತಟ್ಟು ಸರಿ ಮಾಡಿದಳು.

"ನಾಳೆ ಲಿಂಗಸುಗೂರಿಗೆ ಹೋಗಾಣ," ಎಂದ ಅವನು. "ನಂದೂ ತೋರಸಾಣ."

ಹೊಸ್ತಿಲಲ್ಲಿ ಅಮರಮ್ಮ ಕೂತಿದ್ದಳು, ಎಲ್ಲಾ ಕೇಳಿಸಿಕೊಂಡಿದ್ದಳು. ಅತ್ತೆ ಈಗ ಏನನ್ನುತ್ತಾಳೋ ಎಂದು ಸುರೇಖಾ ಸೊಂಟಕ್ಕೆ ಸೆರಗು ಸಿಕ್ಕಿಸಿ ಉತ್ತರ ಸಿದ್ಧ ಮಾಡಿಕೊಂಡೇ ನಿಂತಳು. ಅಮರಮ್ಮ ಕೈಯೂರಿ ಎದ್ದಳು, ಕೊಡದಿಂದ ಒಂದು ಚೊಂಬು ನೀರು ತಂದು ಸಾವುಕಾರನ ಗೋಣಿತಟ್ಟಿನ ಮೇಲೆ ಸುರಿದಳು.

"ಮದಲನೇ ಬಸ್ಸಿಗೇ ಹೋಗ್ರಿ," ಎಂದಳು. "ಆಮ್ಯಾಲ ಬಿಸಲು ಏರತದ."