ಏಳನೆಯ ತುಂಡು

ನಮ್ಮ ಅತ್ತೆ ರಂಗೂಬಾಯಿಗೆ ಹೊಲಿಗೆಯಲ್ಲಿ ಬುದ್ಧಿ ಹೇಳುವವರು ಪುಣೆಯಲ್ಲಿ ಇನ್ನೂ ಹುಟ್ಟಿಲ್ಲ. ನಾನು ಗಣಿತದ ಟೀಚರು. ಮಕ್ಕಳಿಗೆ ಭಿನ್ನರಾಶಿ ಕಲಿಸಲು ಒಂದು ಕೌದಿ ಹೊಲಿದುಕೊಡಿ ಎಂದು ಕೇಳಿದ್ದೆ. ಮೊದಲ ಸಾಲಿನಲ್ಲಿ ಎರಡು ಸಮ ತುಂಡು, ಮುಂದಿನದರಲ್ಲಿ ಮೂರು, ಹೀಗೆ ಆರರವರೆಗೆ. ಹಳೇ ಧೋತರ, ಲಂಗ, ಅಂಗಿ ಕತ್ತರಿಸಿ ಚೆಂದವಾಗಿಯೇ ಹೊಲಿದರು. ಕೊನೆಗೆ ಆರರ ಸಾಲಿನ ತುದಿಗೆ ನನ್ನ ಮದುವೆಯ ಹಸಿರು ಸೀರೆಯ ಪುಟ್ಟ ತುಂಡೊಂದನ್ನು ಜೋಡಿಸಿಬಿಟ್ಟರು. ಸೊಸೆಯ ಸೀರೆ ಸೇರದೆ ಅವರ ತವರಿನಲ್ಲಿ ಕೌದಿ ಮುಗಿಯುವುದಿಲ್ಲವಂತೆ. ಲೆಕ್ಕ ಕೆಡುತ್ತದೆ ಎಂದು ಜಗಳವಾಡಿದೆ. ಅತ್ತೆ ಬಿಚ್ಚಲಿಲ್ಲ. ತರಗತಿಯಲ್ಲಿ ಅದನ್ನು ಅಂಗೈಯಿಂದ ಮುಚ್ಚಿಕೊಂಡು ಪಾಠ ಮಾಡುತ್ತಿದ್ದೆ.

ಶಿಕ್ಷಕರ ವಾಟ್ಸಾಪ್ ಗುಂಪಿಗೆ ಕೌದಿಯ ಫೋಟೋ ಹಾಕಿದ್ದೇ ತಪ್ಪಾಯಿತು. ವರ್ಷ ತುಂಬುವುದರೊಳಗೆ ಪ್ರಕಾಶಕರೊಬ್ಬರ ಗಣಿತ ಪುಸ್ತಕದಲ್ಲಿ ಅದರ ಚಿತ್ರ, ಕೆಳಗೆ ಅವರದೇ ಕಾಪಿರೈಟ್. ಸಾಲದ್ದಕ್ಕೆ, ತಮ್ಮ ವಿನ್ಯಾಸ ಬಳಸಕೂಡದೆಂದು ನಮ್ಮ ಶಾಲೆಗೇ ನೋಟಿಸು. ಮುಖ್ಯೋಪಾಧ್ಯಾಯಿನಿ ಹೆದರಿ ಕೌದಿಯನ್ನು ಮನೆಗೆ ಕಳಿಸಿದರು. ನನಗೆ ಮೈಯೆಲ್ಲ ಉರಿಯಿತು.

ಮರುದಿನ ಅತ್ತೆ ಇಳಕಲ್ ಸೀರೆ ಉಟ್ಟು, ಕೌದಿಯನ್ನು ಬಗಲಲ್ಲಿಟ್ಟುಕೊಂಡು ನನ್ನ ಜೊತೆ ಹೊರಟರು. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿ ಆ ಪ್ರಕಾಶಕರ ಆಫೀಸು. ಅಲ್ಲಿದ್ದ ಸಂಪಾದಕ ರಾಜೀವ ಮೂಲತಃ ಬೆಳಗಾವಿಯವರು. ಚಿತ್ರ ತಮ್ಮ ಕಲಾವಿದರದೇ ಎಂದು ಕನ್ನಡದಲ್ಲೇ ವಾದಿಸಿದರು. ಅವರ ಪುಸ್ತಕವನ್ನೇ ತೆರೆದು, ಆರರ ಸಾಲು ಎಣಿಸಿ ಎಂದೆ. ಎಣಿಸಿದರು. ಏಳಿದ್ದವು. ಏಳನೆಯದು ಯಾಕೆ ಎಂದು ಕೇಳಿದೆ. ಅತ್ತೆ ಮೇಜಿನ ಮೇಲೆ ಕೌದಿ ಹಾಸಿ ಹಸಿರು ತುಂಡಿನ ಮೇಲೆ ಬೆರಳಿಟ್ಟರು.

“ಇದು ನನ್ನ ಸೊಸಿ ಸೀರಿ ಅದರಿ. ನಿಮ್ಮ ಪುಸ್ತಕದಾಗ ಹ್ಯಾಂಗ ಬಂತು?”

ರಾಜೀವರ ಮುಖ ಇಳಿಯಿತು. ನೋಟಿಸು ಹಿಂದಕ್ಕೆ ಪಡೆಯುತ್ತೇವೆ, ಬೇರೇನು ಬೇಕು ಎಂದರು. ಪಾಠಕ್ಕೆ ನಕಲು ಮಾಡಿಕೊಳ್ಳಲು ಶಿಕ್ಷಕರಿಗೆ ಕಾನೂನೇ ಅವಕಾಶ ಕೊಟ್ಟಿದೆ, ಮಾರಲು ಅಲ್ಲ ಎಂದು ನಾನು ವಕೀಲಳ ಗತ್ತಿನಲ್ಲಿ ಶುರುಮಾಡಿದೆ. ಅತ್ತೆ ನನ್ನನ್ನು ತಡೆದರು.

“ಕಲಿಸಾವ್ರು, ಕಲಿಯಾವ್ರು ಬೇಕಾದಷ್ಟು ತಗೊಳ್ಳಿ, ನನ್ನ ಕೇಳೂದೂ ಬ್ಯಾಡ. ಮಾರಾವ್ರು ಮಾತ್ರ ನನ್ನ ಹೆಸರು ಹಾಕ್ಬೇಕ್ರಿ.”

ಹೊಸ ಮುದ್ರಣದಲ್ಲಿ ಚಿತ್ರದ ಕೆಳಗೆ ರಂಗೂಬಾಯಿ ಎಂದು ದಪ್ಪ ಅಕ್ಷರದಲ್ಲಿದೆ. ಅತ್ತೆ ಅದನ್ನು ಹಾಲಿನವನನ್ನೂ ಬಿಡದೆ ಇಡೀ ಬಿಲ್ಡಿಂಗಿಗೆ ತೋರಿಸಿದರು. ಹೆಮ್ಮೆ ಅವರಿಗಿಂತ ನನಗೇ ಹೆಚ್ಚು.

ಕೌದಿ ಶಾಲೆಗೆ ಮರಳಿದೆ. ಈಗ ನಾನು ಆ ತುಂಡನ್ನು ಮುಚ್ಚುವುದಿಲ್ಲ. ಇದು ಯಾವ ಲೆಕ್ಕಕ್ಕೆ ಟೀಚರ್ ಎಂದು ಮಕ್ಕಳು ಕೇಳುತ್ತಾರೆ.

ಅದು ನಾನು ಎನ್ನುತ್ತೇನೆ.