ಶುಕ್ರವಾರದ ಎಣ್ಣೆ

ಚಿಕ್ಕಂದಿನಲ್ಲಿ ನನ್ನ ಎಡಗಿವಿ ಸೋರುತ್ತಿತ್ತು. ಮನೆಯವರಿಗೆಲ್ಲ ಗೊತ್ತಿದ್ದ ಸಂಗತಿ, ಆದರೆ ಯಾರೂ ಬಾಯಿಬಿಡುವ ಹಾಗಿರಲಿಲ್ಲ. ಹೆಣ್ಣುಮಗುವಿನ ಕಿವಿ ಸೋರುತ್ತದೆ ಎಂದು ಬೀದಿಗೆಲ್ಲ ಗೊತ್ತಾದರೆ ನಾಳೆ ಗಂಡು ಎಲ್ಲಿಂದ ಸಿಗಬೇಕು? ಅದಕ್ಕೇ ಅಪ್ಪ ಡಾಕ್ಟರಿಗೂ ತೋರಿಸಲಿಲ್ಲ. ಎಂಟನೇ ವಯಸ್ಸಿಗೆ ಅದು ತಾನಾಗಿಯೇ ನಿಂತಿತು. ಎಲ್ಲರೂ ಮರೆತರು, ನಾನೂ ಮರೆತೆ.

ನೆನಪಾದದ್ದು ೧೯೭೪ರಲ್ಲಿ. ಪುಣೆಯ ಮಿಲಿಟರಿ ಮೆಡಿಕಲ್ ಕಾಲೇಜಿನ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿದ್ದೆ. ಇನ್ನುಳಿದದ್ದು ಇಂಟರ್‌ವ್ಯೂ, ಆಮೇಲೆ ದೇಹಪರೀಕ್ಷೆ. ಬೇರೆ ಎಲ್ಲೂ ನನಗೆ ಸೀಟು ಸಿಕ್ಕಿರಲಿಲ್ಲ. ಇದೂ ತಪ್ಪಿದರೆ ಡಾಕ್ಟರಾಗುವ ಆಸೆಗೆ ಎಳ್ಳುನೀರು ಬಿಟ್ಟಂತೆಯೇ. ಭರ್ತಿ ಮಾಡಬೇಕಿದ್ದ ಫಾರಮ್ಮಿನಲ್ಲಿ ಒಂದು ಪ್ರಶ್ನೆ ಇತ್ತು: ಎಂದಾದರೂ ಕಿವಿ ಸೋರಿದ್ದುಂಟೆ?

ನನ್ನಪ್ಪ ಗೋಪೀನಾಥ ರಾಜಾಜಿನಗರದಲ್ಲಿ ಹೈಸ್ಕೂಲ್ ಮೇಷ್ಟ್ರು. ಸುಳ್ಳು ಹೇಳಿದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುವವರು. ಫಾರಮ್ಮನ್ನು ಎರಡು ಸಲ ಓದಿ, ಕಿಟಕಿಯ ಕಡೆ ನೋಡುತ್ತಾ, "ನೋ ಅಂತ ಬರಿ" ಅಂದರು. ಬರೆದೆ. ಅಕ್ಷರ ಸೊಟ್ಟಗಾಯಿತು.

ಪಕ್ಕದ ಮನೆಯ ಬೈರಯ್ಯನವರು ಮಿಲಿಟರಿ ಆಸ್ಪತ್ರೆಯಲ್ಲಿದ್ದು ರಿಟೈರ್ ಆದವರು. ಧೈರ್ಯ ಹೇಳಲೆಂದೇ ಕಾಂಪೌಂಡಿನ ಹತ್ತಿರ ಬಂದರು, ಪುಣ್ಯಾತ್ಮರು.

"ಹೆದರ್ಕೋಬೇಡಮ್ಮ ತುಂಗಾ. ಇಪ್ಪತ್ತಡಿ ದೂರ ನಿಂತು ಪಿಸುಗುಡ್ತಾರೆ, ನೀನು ವಾಪಸ್ ಹೇಳ್ಬೇಕು, ಅಷ್ಟೆ. ಕಿವೀಲಿ ಕೊಳೆ ಇದ್ರೆ ನೀರು ಬಿಟ್ಟು ತೊಳೀತಾರೆ. ಒಳಗೆ ತೂತಿದ್ರೆ ಆ ನೀರು ಗಂಟಲಿಗೆ ಇಳಿಯುತ್ತೆ ನೋಡು, ಆಗ ಮಾತ್ರ ಗಾಡಿ ಹತ್ತಿ ಮನೆಗೆ ಬರೋದೇ."

ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಎಂಜಲು ನುಂಗಿದರೂ ಎಡಗಿವಿಯಲ್ಲಿ ಏನೋ ಪಟ್ ಅನ್ನುವಂತಿತ್ತು.

ಹೊರಡುವ ಹಿಂದಿನ ದಿನ ಶುಕ್ರವಾರ. ಅಮ್ಮ ಇಲ್ಲದ ನನ್ನನ್ನು ಸಾಕಿದವಳು ಅಜ್ಜಿ ಅಲಮೇಲು. ಅವಳ ಕಾಯಿದೆಯಲ್ಲಿ ಶುಕ್ರವಾರವೆಂದರೆ ಎಣ್ಣೆನೀರು. ತಲೆಗೆ ತಟ್ಟಿ, ಕೊನೆಗೆ ಎರಡೂ ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟರೇ ಅವಳಿಗೆ ಸಮಾಧಾನ.

"ಕಿವಿಗೆ ಬೇಡ ಅಜ್ಜಿ."

"ದೂರ ಹೊರಟೋಳು ಕಣೇ. ತಂಪಾಗಿರ್ಲಿ, ಬಗ್ಗು."

ಇನ್ನೂ ವಾದ ಮಾಡಿದರೆ ಅಪ್ಪ ಫಾರಮ್ಮಿನಲ್ಲಿ ಬರೆಸಿದ ಸುಳ್ಳನ್ನೂ ಬಾಯಿಬಿಡಬೇಕಾಗುತ್ತಿತ್ತು. ಬಗ್ಗಿದೆ.

ಪುಣೆಯಲ್ಲಿ ಇಂಟರ್‌ವ್ಯೂ ಹೇಗೋ ದಾಟಿತು. ಮರುದಿನ ದೇಹಪರೀಕ್ಷೆ. ಮೇಜರ್ ಡಾಕ್ಟರರೊಬ್ಬರು ನನ್ನ ಬೆನ್ನ ಹಿಂದೆ ದೂರ ನಿಂತು ಪಿಸುಗುಟ್ಟಿದರು. ಬಲಗಿವಿ ಮುಚ್ಚಿಕೊಂಡೆ, ಎಡಗಿವಿಗೆ ಎಲ್ಲವೂ ಕೇಳಿಸಿತು! ಪ್ರತಿಯೊಂದನ್ನೂ ಸರಿಯಾಗಿ ಹೇಳಿದೆ. ಗೆದ್ದೆ ಅಂದುಕೊಂಡೆ. ಆಮೇಲೆ ಅವರು ಕಿವಿಯೊಳಗೆ ಬೆಳಕು ಬಿಟ್ಟು ಮುಖ ಕಿವುಚಿ, ಇಂಗ್ಲಿಷಿನಲ್ಲಿ ಅಂದರು.

"ಏನಿದು, ಎಣ್ಣೆಯೆ? ಏನೂ ಕಾಣುತ್ತಿಲ್ಲ. ತೊಳೀಬೇಕು."

ನರ್ಸು ಕಿವಿಯ ಕೆಳಗೆ ಬಟ್ಟಲು ಹಿಡಿದಳು, ಪಿಚಕಾರಿಯಿಂದ ಬೆಚ್ಚನೆಯ ನೀರು ನುಗ್ಗಿತು. ಬಲಗಿವಿಯದು ಬಟ್ಟಲಿಗೆ ಬಿತ್ತು. ಎಡಗಿವಿಯದೂ ಬಿತ್ತು, ಆದರೆ ಎಲ್ಲವೂ ಅಲ್ಲ. ಸ್ವಲ್ಪ ನನ್ನ ಗಂಟಲಿಗೆ ಇಳಿಯಿತು. ಅಜ್ಜಿಯ ಎಣ್ಣೆಯ ರುಚಿ ಅದರಲ್ಲಿತ್ತು. ಕೆಮ್ಮು ಒತ್ತಿ ಬಂತು. ಕೆಮ್ಮಿದರೆ ಮುಗಿಯಿತು. ಕಣ್ಣು ಮುಚ್ಚಿ ನುಂಗಿದೆ.

"ಗಂಟಲಿಗೆ ನೀರು ಬಂತೇನಮ್ಮ?"

"ಇಲ್ಲ ಸಾರ್."

ಅವರು ಹತ್ತಿಯಿಂದ ಒರೆಸಿ ಮತ್ತೆ ಬೆಳಕು ಬಿಟ್ಟು ತುಂಬ ಹೊತ್ತು ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ತೂತು ಹಳೇದು. ಮನೇಲಿ ಯಾರೂ ಡಾಕ್ಟರಿಗೆ ತೋರಿಸಲಿಲ್ಲವೆ?" ಎಂದು ಕೇಳಿ, ಉತ್ತರಕ್ಕೆ ಕಾಯದೆ 'ಅನ್‌ಫಿಟ್' ಎಂದು ಬರೆದರು.

ಗೇಟಿನ ಹೊರಗೆ ಅಪ್ಪ ಬಿಸಿಲಿನಲ್ಲೇ ನಿಂತಿದ್ದರು. ಕಿವಿಯಲ್ಲಿ ಎಣ್ಣೆಯಿತ್ತು, ತೊಳೆದರು, ಅನ್‌ಫಿಟ್ ಅಂದರು, ಇಷ್ಟು ಹೇಳುವಷ್ಟರಲ್ಲಿ ನನಗೆ ಅಳು ಬಂತು. ಅಪ್ಪ ನನ್ನ ಭುಜ ಹಿಡಿದು ಕೇಳಿದರು.

"ಎಣ್ಣೆಯಿಂದ ತಾನೆ? ಅಜ್ಜಿ ಹಾಕಿದ ಎಣ್ಣೆಯಿಂದ ತಾನೆ ತುಂಗಾ?"

ಹೌದು ಅಂದುಬಿಡು ಎಂದು ಆ ಮುಖ ಬೇಡುತ್ತಿತ್ತು. ಆ ಮುಖ ನನಗೆ ಡಾಕ್ಟರರ ಮುಖಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

"ಹೌದಪ್ಪ," ಅಂದೆ.

ಮನೆಗೆ ಬಂದ ದಿನ ಅಪ್ಪ ಚಪ್ಪಲಿ ಬಿಡುವ ಮೊದಲೇ ಅಜ್ಜಿಯ ಮೇಲೆ ಕೂಗಾಡಿದರು. ಅವರು ತಾಯಿಗೆ ಎದುರು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. "ನಿನ್ನ ಎಣ್ಣೆ ಅವಳ ಎಡಗಿವೀನೇ ಕಿವುಡು ಮಾಡ್ತು ಕಣಮ್ಮ!" ಅಜ್ಜಿ ಒಳಗೆ ಹೋದಳು. ಹೇಳಿಬಿಡಬೇಕು ಅಂದುಕೊಂಡೆ. ಅಪ್ಪ ಅಲ್ಲೇ ನಿಂತಿದ್ದರು. ಹೇಳಲಿಲ್ಲ.

ಮುಂದಿನ ಶುಕ್ರವಾರ ಅಜ್ಜಿ ಎಂದಿನಂತೆ ನನ್ನನ್ನು ಮಣೆಯ ಮೇಲೆ ಕೂರಿಸಿ ತಲೆಗೆ ಎಣ್ಣೆ ತಟ್ಟಿದಳು. ಕಿವಿಯ ಹತ್ತಿರ ಬಂದಾಗ ಕೈ ನಿಂತಿತು. ಬೆರಳಿನ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ನನ್ನ ಎಡಕ್ಕೆ ಬಗ್ಗಿ, ಕಿವುಡಾಯಿತೆಂದು ತಾನು ನಂಬಿದ್ದ ಆ ಕಿವಿಗೆ, ತೀರಾ ಮೆಲ್ಲಗೆ ಪಿಸುಗುಟ್ಟಿದಳು.

"ನನ್ನಿಂದ ತಪ್ಪಾಯ್ತು ಮಗಳೇ. ಕ್ಷಮಿಸಿಬಿಡೇ."

ಒಂದೊಂದು ಅಕ್ಷರವೂ ಕೇಳಿಸಿತು. ನಾನು ತಿರುಗಲಿಲ್ಲ. ಕೇಳಿಸದವಳ ಹಾಗೆ ಕೂತಿದ್ದೆ.